ಮೈಲಿ ಒಂದೂವರೆ ಅಷ್ಟೆ
ನ್ಯೂಟನ್ ಎಂದರೆ ನನಗೆ ಮೂರು ನಿಯಮಗಳು, ಒಂದಿಷ್ಟು ಅಂಕ, ಅಷ್ಟೇ ಆಗಿತ್ತು. ಆತನ ಬಾಲ್ಯದ ಕಥೆ ಓದಿದ್ದು ಮೊನ್ನೆ. 1642ರಲ್ಲಿ ಆತ ಹುಟ್ಟುವ ಮೂರು ತಿಂಗಳ ಮೊದಲೇ ಅಪ್ಪ ತೀರಿಕೊಂಡಿದ್ದ. ಮಗನಿಗೆ ಮೂರು ತುಂಬಿದಾಗ ಅಮ್ಮ ಪಾದ್ರಿಯೊಬ್ಬನನ್ನು ಮದುವೆಯಾಗಿ, ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೋದಳು. ಹೋಗಿದ್ದು ಬಲು ದೂರವೇನಲ್ಲ, ಮೈಲಿ ಒಂದೂವರೆ ಅಷ್ಟೆ. ನನ್ನನ್ನು ಕಾಡಿದ್ದು ಅದೇ.

ಮಲತಂದೆ ಸತ್ತ ಮೇಲೆ ಅಮ್ಮ ಮರಳಿದಳು, ಜೊತೆಗೆ ಮೂವರು ಮಕ್ಕಳು. ಅಷ್ಟರಲ್ಲಿ ಇವನಿಗೆ ಹತ್ತು. ಹತ್ತೊಂಬತ್ತರಲ್ಲಿ ತನ್ನ ಪಾಪಗಳ ಪಟ್ಟಿ ಬರೆದಾಗ, ಅವರಿಬ್ಬರನ್ನೂ ಮನೆಸಮೇತ ಸುಡುತ್ತೇನೆಂದು ಹಿಂದೆ ಬೆದರಿಸಿದ್ದನ್ನೂ ಸೇರಿಸಿದ. ಹೆಚ್ಚುಕಡಿಮೆ ನನ್ನದೇ ವಯಸ್ಸು! ಮುಂದೆ ಮದುವೆಯಾಗಲಿಲ್ಲ. ಟೀಕೆ ಸಹಿಸಲಿಲ್ಲ. ಹುಕ್ ಜೊತೆ, ಲೈಬ್ನಿಟ್ಸ್ ಜೊತೆ ಮುಗಿಯದ ಜಗಳ. ಎಲ್ಲಕ್ಕೂ ಬಾಲ್ಯವೇ ಕಾರಣ ಎನ್ನಲು ನಾನು ಮನೋವೈದ್ಯನಲ್ಲ. ಆದರೆ ಅಮ್ಮನ ಕೆಲಸದ ದೆಸೆಯಿಂದ ನಾನೂ ನಾಲ್ಕು ವರ್ಷ ಅಜ್ಜಿ ಮನೆಯಲ್ಲಿ ಬೆಳೆದವನು. ಅಮ್ಮ ಬಂದರೆ ಬಾಗಿಲ ಹಿಂದೆ ಅಡಗುತ್ತಿದ್ದೆ. ಈಗಲೂ ನಮ್ಮ ಫೋನ್ ಮಾತು ಎರಡು ನಿಮಿಷ ದಾಟುವುದಿಲ್ಲ.

1679ರಲ್ಲಿ ಅಮ್ಮ ಜ್ವರದಿಂದ ಮಲಗಿದಾಗ ನ್ಯೂಟನ್ ಕೇಂಬ್ರಿಡ್ಜ್‌ನಿಂದ ಬಂದ. ರಾತ್ರಿಯಿಡೀ ಎಚ್ಚರವಿದ್ದು, ಅವಳ ಮೈಮೇಲಿನ ಬೊಕ್ಕೆಗಳಿಗೆ ತಾನೇ ಮದ್ದು ಹಚ್ಚಿದ. ಅವಳು ಉಳಿಯಲಿಲ್ಲ.

ಅದನ್ನು ಓದಿ ಹಾಸ್ಟೆಲ್‌ನಿಂದ ಮನೆಗೆ ಫೋನ್ ಮಾಡಿದೆ. ದುಡ್ಡು ಬೇಕಿತ್ತಾ ಎಂದು ಕೇಳಿದಳು ಅಮ್ಮ.