ಥೇಮ್ಸ್ ನದಿಯನ್ನು ಶುಚಿಗೊಳಿಸಿದ ಇಂಜಿನಿಯರ್ ಸರ್ ಜೋಸೆಫ್ ಬ್ಯಾಜಲ್ಗೆಟ್

ಸೇತುವೆ, ಅರಮನೆ ಕಟ್ಟಿದವರ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ಆದರೆ ನೆಲದಡಿ ಚರಂಡಿ ಕಟ್ಟಿ ಜನರ ಪ್ರಾಣ ಉಳಿಸಿದವರನ್ನು ನೆನೆಯುವವರು ಕಡಿಮೆ. ಅಂಥ ಮಹನೀಯರಲ್ಲಿ ಸರ್ ಜೋಸೆಫ್ ಬ್ಯಾಜಲ್ಗೆಟ್ ಒಬ್ಬರು.

ಇವರು 1819ರ ಮಾರ್ಚ್ 28ರಂದು ಇಂಗ್ಲೆಂಡಿನ ಎನ್‌ಫೀಲ್ಡ್‌ನಲ್ಲಿ ಜನಿಸಿದರು. ಯೌವನದಲ್ಲಿ ರೈಲ್ವೆ ಕಾಮಗಾರಿಗಳಲ್ಲಿ ದುಡಿದು ಅನುಭವ ಗಳಿಸಿದರು. 1856ರಲ್ಲಿ ಲಂಡನ್ ನಗರದ ಕಾಮಗಾರಿ ಮಂಡಳಿಗೆ ಮುಖ್ಯ ಇಂಜಿನಿಯರ್ ಆದರು.

ಆಗ ಲಂಡನ್ನಿನ ಹೊಲಸೆಲ್ಲ ಥೇಮ್ಸ್ ನದಿಗೆ ಸೇರುತ್ತಿತ್ತು. ಅನೇಕರು ಅದೇ ನದಿಯ ನೀರನ್ನು ಕುಡಿಯುತ್ತಿದ್ದರು. 1848-49ರ ಕಾಲರಾ ಒಂದರಲ್ಲೇ ನಗರದ ಸುಮಾರು 14,000 ಜನ ಸತ್ತರು. 1858ರ ಬೇಸಿಗೆಯಲ್ಲಿ ನದಿಯ ದುರ್ವಾಸನೆ ದಡದಲ್ಲಿದ್ದ ಪಾರ್ಲಿಮೆಂಟಿನೊಳಗೂ ನುಗ್ಗಿತು. ಆಮೇಲೆಯೇ ಸರ್ಕಾರ ಎಚ್ಚೆತ್ತು ಅವರ ಯೋಜನೆಗೆ ಒಪ್ಪಿಗೆ ನೀಡಿತು.

ಹಳೆಯ ಚರಂಡಿಗಳು ನದಿ ಸೇರುವ ಮೊದಲೇ ಅಡ್ಡಗಟ್ಟಿ ಹಿಡಿಯುವಂತೆ ಬ್ಯಾಜಲ್ಗೆಟ್ ಸುಮಾರು 132 ಕಿ.ಮೀ. ಉದ್ದದ ಇಟ್ಟಿಗೆಯ ದೊಡ್ಡ ಚರಂಡಿಗಳನ್ನು ಕಟ್ಟಿಸಿದರು. ಇಳಿಜಾರಿನಲ್ಲಿ ಹೊಲಸು ತಾನಾಗಿ ಪೂರ್ವಕ್ಕೆ ಹರಿಯುತ್ತಿತ್ತು. ತಗ್ಗು ಪ್ರದೇಶದ ನೀರನ್ನು ಉಗಿಯಂತ್ರಗಳು ಮೇಲೆತ್ತುತ್ತಿದ್ದವು. ನಗರದಾಚೆ ಅದನ್ನು ಶೇಖರಿಸಿ, ಸಮುದ್ರದ ಇಳಿತದ ವೇಳೆಗೆ ನದಿಗೆ ಬಿಡುತ್ತಿದ್ದರು.

ಇದರ ಫಲ ಬೇಗನೆ ಕಂಡಿತು. 1866ರಲ್ಲಿ ಕಾಲರಾ ಮತ್ತೆ ಬಂದಾಗ, ಕಾಮಗಾರಿ ಇನ್ನೂ ಮುಗಿಯದಿದ್ದ ಪೂರ್ವ ಲಂಡನ್ನಿನಲ್ಲೇ ಹೆಚ್ಚಿನ ಸಾವು ಸಂಭವಿಸಿತು. ಅದೇ ಲಂಡನ್ನಿನ ಕೊನೆಯ ದೊಡ್ಡ ಕಾಲರಾ.

ಮಳೆನೀರೂ ಹೊಲಸೂ ಹರಿಯುತ್ತಿದ್ದುದು ಒಂದೇ ಚರಂಡಿಯಲ್ಲಿ. ಬಿರುಮಳೆಗೆ ಅದು ತುಂಬಿದರೆ ಹೊಲಸು ಮನೆಗಳಿಗೆ ಹಿಂದಿರುಗಿ ನುಗ್ಗುವ ಅಪಾಯವಿತ್ತು. ಆದ್ದರಿಂದ ಹೆಚ್ಚಾದ ನೀರು ನದಿಗೆ ಹೊರಳಿ ಬೀಳಲೆಂದು ಅವರು ದಾರಿಗಳನ್ನು ಇಟ್ಟಿದ್ದರು. ಅಪರೂಪಕ್ಕೆ ತೆರೆಯಬೇಕಾದ ದಾರಿಗಳು ಅವು. ಆದರೆ ಜನಸಂಖ್ಯೆ ಬೆಳೆಯಿತು, ಮಳೆ ಇಂಗುತ್ತಿದ್ದ ಮಣ್ಣಿನ ಮೇಲೆ ಕಲ್ಲು, ಡಾಂಬರು ಹರಡಿತು. ಕ್ರಮೇಣ ಸಣ್ಣ ಮಳೆಗೂ ಹೊಲಸು ನದಿಗೆ ಬೀಳತೊಡಗಿತು. ಅದನ್ನು ತಡೆಯಲು 2016ರಲ್ಲಿ 25 ಕಿ.ಮೀ. ಉದ್ದದ ಹೊಸ ಸುರಂಗದ ನಿರ್ಮಾಣ ಆರಂಭವಾಯಿತು. 2025ರಲ್ಲಿ ಅದು ಪೂರ್ಣವಾಗಿ ಬಳಕೆಗೆ ಬಂತು. ಮಳೆಯ ವೇಳೆ ಉಕ್ಕುವ ನೀರನ್ನು ಅದು ಹಿಡಿದಿಟ್ಟು ಶುದ್ಧೀಕರಣ ಘಟಕಕ್ಕೆ ಸಾಗಿಸುತ್ತದೆ.

ಬ್ಯಾಜಲ್ಗೆಟ್ 1891ರ ಮಾರ್ಚ್ 15ರಂದು ನಿಧನರಾದರು. ಅವರ ಚರಂಡಿಗಳು ಇಂದಿಗೂ ಬಳಕೆಯಲ್ಲಿವೆ.

ವಿದ್ಯಾರ್ಥಿ ಮಿತ್ರರೇ, ಇಂಜಿನಿಯರ್ ಆಗಬೇಕೆಂಬ ಆಸೆ ನಿಮ್ಮಲ್ಲಿ ಅನೇಕರಿಗಿದೆ. ಚರಂಡಿಯ ಕೆಲಸವನ್ನು ಕೀಳೆಂದು ಭಾವಿಸಬೇಡಿ. ನಮ್ಮ ಊರುಗಳೂ ಬೆಳೆಯುತ್ತಿವೆ. ಮಳೆನೀರಿಗೂ ಕೊಳಚೆಗೂ ಬೇರೆ ಬೇರೆ ದಾರಿ ಮಾಡಿ ನದಿ, ಕೆರೆಗಳನ್ನು ಉಳಿಸುವ ಜಾಣರು ನಮಗೂ ಬೇಕಾಗಿದ್ದಾರೆ.