ನಿಘಂಟುಕಾರ ಕಿಟ್ಟೆಲ್

ಇಂಗ್ಲಿಷ್ ಪಾಠವನ್ನು ಓದುವಾಗ ತಿಳಿಯದ ಪದವೊಂದು ಎದುರಾದರೆ ನೀವು ನಿಘಂಟನ್ನು ತೆರೆಯುತ್ತೀರಿ. ಪದ ಸಿಗುತ್ತದೆ, ಅರ್ಥ ಸಿಗುತ್ತದೆ, ಪುಸ್ತಕವನ್ನು ಮುಚ್ಚುತ್ತೀರಿ. ಆ ಒಂದು ಸಾಲನ್ನು ಬರೆದಿಟ್ಟವರು ಯಾರು, ಅದಕ್ಕಾಗಿ ಅವರು ಎಷ್ಟು ದಿನ ಕುಳಿತಿದ್ದರು ಎಂದು ಯೋಚಿಸುವವರು ವಿರಳ. ಕನ್ನಡ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥವನ್ನು ಹೇಳುವ ಮಹಾ ನಿಘಂಟನ್ನು ರಚಿಸಿದ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ ಅವರಿಗೆ ಕನ್ನಡವೂ ತಾಯ್ನುಡಿಯಲ್ಲ, ಇಂಗ್ಲಿಷೂ ತಾಯ್ನುಡಿಯಲ್ಲ. ಅವರು ಜರ್ಮನರು. ಎರಡು ಭಾಷೆಗಳನ್ನೂ ಹೊರಗಿನಿಂದ ಬಂದು ಕಲಿತು, ಒಂದನ್ನು ಇನ್ನೊಂದರಲ್ಲಿ ವಿವರಿಸಿದವರು.

ಜರ್ಮನಿಯ ಉತ್ತರದ ಕಡಲಂಚಿನಲ್ಲಿ ಪೂರ್ವ ಫ್ರೀಸ್‌ಲೆಂಡ್ ಎಂಬ ಸೀಮೆಯಿದೆ. ಅಲ್ಲಿಯ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ 1832ರ ಏಪ್ರಿಲ್ ತಿಂಗಳಿನಲ್ಲಿ ಕಿಟ್ಟೆಲ್ ಜನಿಸಿದರು. ತಂದೆ ಪಾದ್ರಿಗಳು. ಶಾಲೆಯಲ್ಲಿರುವಾಗಲೇ ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಭಾಷೆಗಳ ಪರಿಚಯ ಅವರಿಗಾಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಶನ್ ವಿದ್ಯಾಲಯದಲ್ಲಿ ವ್ಯಾಸಂಗವನ್ನು ಮುಗಿಸಿ 1853ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ 21 ವರ್ಷ ವಯಸ್ಸು.

ಬಂದದ್ದು ಕ್ರೈಸ್ತಧರ್ಮದ ಪ್ರಚಾರಕ್ಕಾಗಿ. ಹಿಡಿದದ್ದು ಕನ್ನಡದ ಹುಚ್ಚು. ಧಾರವಾಡದಲ್ಲಿದ್ದ ಕಾಲದಲ್ಲಿ ಅವರು ಕಾಲ್ನಡಿಗೆಯಲ್ಲಿ ಹಳ್ಳಿಗಳನ್ನು ಸುತ್ತಿದರು, ಜನರಾಡುವ ಮಾತಿಗೆ ಕಿವಿಗೊಟ್ಟರು, ಪಂಡಿತರ ಬಳಿ ಹಳಗನ್ನಡ ಕಾವ್ಯಗಳನ್ನೂ ಸಂಸ್ಕೃತವನ್ನೂ ಅಭ್ಯಾಸ ಮಾಡಿದರು. ಈ ದೇಶದವರೊಡನೆ ಬೆರೆಯಬೇಕಾದರೆ ಅವರಂತೆಯೇ ಆಗಬೇಕೆಂಬುದು ಅವರ ನಿಲುವಾಗಿತ್ತು. ಪ್ರಚಾರಕನೊಬ್ಬ ಹೀಗೆ ಪದ, ಛಂದಸ್ಸು, ಓಲೆಗರಿಗಳ ನಡುವೆ ಮುಳುಗಿಹೋಗುವುದು ಮಿಶನ್ನಿನ ಎಲ್ಲರಿಗೂ ಹಿಡಿಸುವ ಸಂಗತಿಯಾಗಿರಲಿಲ್ಲ. ಸಂಸಾರದಲ್ಲಿಯೂ ಪೆಟ್ಟು ಬಿದ್ದಿತು. ಮದುವೆಯಾದ ನಾಲ್ಕೇ ವರ್ಷಗಳಲ್ಲಿ, ಇಬ್ಬರು ಎಳೆಯ ಮಕ್ಕಳನ್ನು ಬಿಟ್ಟು, ಪತ್ನಿ ಪೌಲೀನ ತೀರಿಕೊಂಡರು. ಕಿಟ್ಟೆಲ್ ಕೆಲಸವನ್ನು ಬಿಡಲಿಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು, 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿ ಮಂಗಳೂರಿನಿಂದ ಪ್ರಕಟಿಸಿದರು. ನಿಘಂಟಿನ ಕಟ್ಟಡಕ್ಕೆ ಇವು ಅಡಿಗಲ್ಲುಗಳಾದವು.

ಇಂಥ ನಿಘಂಟು ಅವರಿಗಿಂತ ಮೊದಲು ಇರಲಿಲ್ಲವೆಂದಲ್ಲ. ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಎಂಬ ಪಾದ್ರಿಗಳು 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದಿದ್ದರು. ಎರಡನೆಯದನ್ನು ಸ್ಯಾಂಡರ್ಸನ್ ಎಂಬವರು ತಿದ್ದಿ 1858ರಲ್ಲಿ ಬೆಂಗಳೂರಿನಲ್ಲಿ ಅಚ್ಚುಹಾಕಿಸಿದ್ದರು. ಆದರೆ ಕಿಟ್ಟೆಲ್ ಅವರಿಗೆ ಪದದ ಮುಂದೆ ಪದವನ್ನಿಟ್ಟು ಕೈತೊಳೆದುಕೊಳ್ಳುವುದು ಸಾಲದೆನಿಸಿತು.

ಏಕೆ ಸಾಲದೆಂಬುದನ್ನು ‘ಹೊಡೆ’ ಎಂಬ ನಮ್ಮ ಸಾಮಾನ್ಯ ಪದವೊಂದರಿಂದ ತಿಳಿಯಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ‘ಬೀಟ್’ ಎಂದೋ ‘ಸ್ಟ್ರೈಕ್’ ಎಂದೋ ಅರ್ಥ ಹೇಳಿದರೆ ತಪ್ಪಾಗದು. ಆದರೆ ಗಾಡಿ ಹೊಡೆಯುವವನು ಗಾಡಿಗೆ ಪೆಟ್ಟು ಕೊಡುವುದಿಲ್ಲ. ಇಂಗ್ಲಿಷಿನಲ್ಲಿ ಅವನ ಕೆಲಸ ‘ಡ್ರೈವ್’. ಮೊಳೆ ಹೊಡೆಯುವುದಕ್ಕೂ ಅದೇ ‘ಡ್ರೈವ್’ ಸಲ್ಲುತ್ತದೆ. ಡೇರೆ ಹೊಡೆಯುವುದಕ್ಕೆ ಸಲ್ಲುವುದಿಲ್ಲ. ಅಲ್ಲಿ ‘ಪಿಚ್’ ಬೇಕು. ಕೊಳ್ಳೆ ಹೊಡೆಯುವುದಕ್ಕೆ ‘ಲೂಟ್’ ಎನ್ನಬಹುದು. ಆ ಮಾತನ್ನಂತೂ ಇಂಗ್ಲಿಷರು ಹಿಂದಿಯಿಂದಲೇ ಎತ್ತಿಕೊಂಡರು! ಪದವು ವಾಕ್ಯದೊಳಗೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಕಾಣದೆ ಅರ್ಥವನ್ನಷ್ಟೇ ಬಾಯಿಪಾಠ ಮಾಡಿದವನು ಇಂಗ್ಲಿಷಿನಲ್ಲಿ ಡೇರೆಗೆ ಏಟು ಕೊಡುತ್ತಾನೆ; ಕನ್ನಡ ಕಲಿಯ ಬಂದ ಪರದೇಶದವನು ಗಾಡಿಯನ್ನು ಬಡಿಯಹೋಗುತ್ತಾನೆ.

ಆದುದರಿಂದ ಕಿಟ್ಟೆಲ್ ಪ್ರತಿಯೊಂದು ಪದದ ಅರ್ಥಗಳನ್ನೂ ಬಿಡಿಸಿ ವಿವರಿಸಿ, ಅದು ಬಳಕೆಯಾದ ಬಗೆಯನ್ನು ಉದಾಹರಣೆಗಳಿಂದ ತೋರಿಸುವ ದಾರಿಯನ್ನು ಹಿಡಿದರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದ ಗ್ರಂಥಗಳಿಂದ ಪ್ರಯೋಗಗಳನ್ನು ಹೆಕ್ಕಿದರು. ಪಂಡಿತರು ಗ್ರಾಮ್ಯವೆಂದು ಬದಿಗಿಡುವ ಆಡುಮಾತನ್ನೂ ಗಾದೆಗಳನ್ನೂ ಅಷ್ಟೇ ಆದರದಿಂದ ಸೇರಿಸಿದರು. ನನಗೆ ಅವರಲ್ಲಿ ಅತ್ಯಂತ ಮೆಚ್ಚಿಗೆಯಾಗುವ ಗುಣವಿದು. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳಲ್ಲಿರುವ ಸಂಬಂಧದ ಪದಗಳನ್ನೂ ಪಕ್ಕದಲ್ಲಿಯೇ ಕೊಟ್ಟರು. ಗಣಕಯಂತ್ರದ ಹೆಸರೂ ಇಲ್ಲದಿದ್ದ ಕಾಲದಲ್ಲಿ ಇದೆಲ್ಲವನ್ನೂ ಕೈಯಿಂದಲೇ ಬರೆದು, ಅಕಾರಾದಿಯಾಗಿ ಜೋಡಿಸಬೇಕಾಗಿತ್ತು.

1877ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಿದರು. ಅಲ್ಲಿಯೂ ಕೆಲಸ ಸಾಗಿತು. ಆದರೆ ಆಡುನುಡಿಯ ಪದಗಳನ್ನು ಸಾವಿರಾರು ಮೈಲಿಗಳಾಚೆ ಕುಳಿತು ಕೇಳುವುದು ಹೇಗೆ? 51ನೆಯ ವಯಸ್ಸಿನಲ್ಲಿ, 1883ರಲ್ಲಿ, ಮತ್ತೆ ಹಡಗನ್ನೇರಿ ಕನ್ನಡನಾಡಿಗೆ ಬಂದರು. ಇನ್ನೂ ಒಂಬತ್ತು ವರ್ಷಗಳನ್ನು ಪದಸಂಗ್ರಹಕ್ಕೆ ಸವೆಸಿ 1892ರಲ್ಲಿ ಜರ್ಮನಿಗೆ ಮರಳಿದರು. ಎರಡು ದಶಕಗಳ ಪರಿಶ್ರಮದ ಫಲವಾದ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬೆಳಕು ಕಂಡಿತು. ಅದರಲ್ಲಿ 1,700ಕ್ಕೂ ಮಿಕ್ಕಿದ ಪುಟಗಳು, ಸುಮಾರು 70,000 ಪದಗಳು. ಎರಡು ವರ್ಷಗಳ ಬಳಿಕ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು.

ಕನ್ನಡ ಕಲಿಯಲು ಬಯಸುವ ಪರದೇಶದವರಿಗೆ ನೆರವಾದ ಗ್ರಂಥವು ಇಂಗ್ಲಿಷ್ ಕಲಿಯುವ ಕನ್ನಡಿಗರಿಗೂ ಒದಗಿಬಂದುದು ಸ್ವಾರಸ್ಯದ ಸಂಗತಿ. ತಾನು ಬಲ್ಲ ಕನ್ನಡ ಮಾತಿನಿಂದ ಹೊರಟು ಅದಕ್ಕೆ ತಕ್ಕ ಇಂಗ್ಲಿಷ್ ಮಾತುಗಳನ್ನು ತಲುಪಲು ವಿದ್ಯಾರ್ಥಿಗೆ ಅದು ಒಳ್ಳೆಯ ಹಾದಿಯಾಯಿತು. ಅಷ್ಟು ದೊಡ್ಡ ಪುಸ್ತಕವನ್ನು ಶಾಲೆಯ ಹುಡುಗರು ಹೊತ್ತು ತಿರುಗಲಾರರಷ್ಟೆ. 1899ರಲ್ಲಿ ಬೂಖರ್ ಎಂಬವರು ಅದನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು ಶಾಲಾ ನಿಘಂಟನ್ನು ಸಿದ್ಧಪಡಿಸಿದರು.

ಕಿಟ್ಟೆಲ್ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಿನಲ್ಲಿ ಟ್ಯೂಬಿಂಗೆನ್ ನಗರದಲ್ಲಿ ಅವರು ಕೊನೆಯುಸಿರೆಳೆದರು.

ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ಎದುರು ದಾರಿಯನ್ನು ವಿಸ್ತಾರವಾಗಿ ಹಾಕಿಕೊಟ್ಟದ್ದು ನಮ್ಮ ಮೈಸೂರು ವಿಶ್ವವಿದ್ಯಾನಿಲಯ. ಅದರ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಹೊರಬಂದಿತು. ಕಿಟ್ಟೆಲ್ ಅವರ ನಿಘಂಟೂ ಮೂಲೆಗೆ ಸೇರಲಿಲ್ಲ. ಮದರಾಸು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ಹಿಗ್ಗಿಸಿದರು. 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಾಗಿ ಅದು ಮತ್ತೆ ಅಚ್ಚಾಯಿತು. ಹೆಸರು ಮಾತ್ರ ಕಿಟ್ಟೆಲ್ ಅವರದೇ ಉಳಿಯಿತು.