ಓದುವ ಹೊತ್ತನ್ನು ಅಳೆದ ಕ್ಯಾಟೆಲ್

ಜೇಮ್ಸ್ ಮೆಕೀನ್ ಕ್ಯಾಟೆಲ್ ಹುಟ್ಟಿದ್ದು 1860ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಈಸ್ಟನ್‌ನಲ್ಲಿ. ತಂದೆ ಅಲ್ಲಿನ ಲಫಾಯೆಟ್ ಕಾಲೇಜಿನ ಮುಖ್ಯಸ್ಥರಾಗಿದ್ದವರು. ಮಗನೂ ಅಲ್ಲೇ ಪದವಿ ಮುಗಿಸಿ ಜರ್ಮನಿಯ ಲೈಪ್‌ಜಿಗ್‌ಗೆ ಹೋದರು. ಅಲ್ಲಿ ಪ್ರೊಫೆಸರ್ ವುಂಟ್ ಅವರು 1879ರಲ್ಲಿ ಮನೋವಿಜ್ಞಾನದ ಪ್ರಯೋಗಾಲಯ ತೆರೆದಿದ್ದರು. ಮನಸ್ಸಿನ ಕೆಲಸವನ್ನೂ ಅಳೆಯಬಹುದು ಎಂಬುದು ಆಗ ಹೊಸ ಮಾತು.

ಕ್ಯಾಟೆಲ್ ಅಳೆಯಲು ಆರಿಸಿಕೊಂಡದ್ದು ಓದುವುದನ್ನು. ತಿರುಗುವ ಉರುಳೆಗೆ ಅಕ್ಷರಗಳನ್ನು ಅಂಟಿಸಿ, ಸಣ್ಣ ಸೀಳಿನ ಮೂಲಕ ನೋಡುತ್ತಾ ಓದಿಸಿದರು. ತಾವೂ ಕುಳಿತು ಓದಿದರು. ಅಕ್ಷರಗಳು ಪದವಾಗಿ ಕೂಡಿದ್ದಾಗ ಹಿಡಿಯುವ ಹೊತ್ತಿಗಿಂತ ಬಿಡಿಬಿಡಿಯಾಗಿದ್ದಾಗ ಸುಮಾರು ಎರಡರಷ್ಟು ಹೊತ್ತು ಹಿಡಿಯಿತು. ವಾಕ್ಯಕ್ಕೂ ಬಿಡಿ ಪದಗಳಿಗೂ ಇದೇ ವ್ಯತ್ಯಾಸ. ಬಲ್ಲ ಪದವನ್ನು ನಾವು ಒಂದೊಂದೇ ಅಕ್ಷರ ಕೂಡಿಸಿ ಓದುವುದಿಲ್ಲ ಎಂಬುದು ಇದರಿಂದ ತಿಳಿಯಿತು.

ನನಗೆ ಹೆಚ್ಚು ಹಿಡಿಸಿದ್ದು 1886ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಲೆಕ್ಕ. ತಮಗೆ ಬರುವ ಆರು ಭಾಷೆಗಳನ್ನು ಆದಷ್ಟು ಬೇಗ ಓದಿ, ಒಂದು ಪದಕ್ಕೆ ಎಷ್ಟು ಹೊತ್ತು ಎಂದು ಬರೆದಿಟ್ಟರು. ಸೆಕೆಂಡಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ತಾಯ್ನುಡಿ ಇಂಗ್ಲಿಷಿಗೆ 138, ಫ್ರೆಂಚಿಗೆ 167, ಜರ್ಮನಿಗೆ 250, ಇಟಾಲಿಯನ್‌ಗೆ 327, ಲ್ಯಾಟಿನ್‌ಗೆ 434, ಗ್ರೀಕಿಗೆ 484. ಓದಿದವರು ಒಬ್ಬರೇ, ಕಣ್ಣು ಅದೇ, ಬುದ್ಧಿ ಅದೇ. ಆದರೂ ಗ್ರೀಕಿಗೆ ಇಂಗ್ಲಿಷಿನ ಮೂರೂವರೆ ಪಟ್ಟು ಹೊತ್ತು! ಭಾಷೆಯ ಬಳಕೆ ಎಷ್ಟಿದೆಯೋ ಓದಿನ ವೇಗವೂ ಅಷ್ಟೇ ಎಂದು ಅವರು ತೀರ್ಮಾನಿಸಿದರು. ಪರಭಾಷೆಯನ್ನು ತಾನು ನಿಧಾನವಾಗಿ ಓದುತ್ತಿದ್ದೇನೆ ಎಂಬುದು ಓದುವವನಿಗೇ ಗೊತ್ತಾಗುವುದಿಲ್ಲ ಎಂದೂ ಗಮನಿಸಿದರು. ಪರದೇಶದವರು ಬಹಳ ವೇಗವಾಗಿ ಮಾತಾಡುತ್ತಾರೆ ಎಂದು ನಮಗೆ ಅನಿಸುವುದೂ ಇದರಿಂದಲೇ ಎಂದರು.

ಎಸ್ಸೆಸ್ಸೆಲ್ಸಿವರೆಗೆ ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಇಂಗ್ಲಿಷಿನ ಫಿಸಿಕ್ಸ್ ಪುಸ್ತಕ ಹಿಡಿದಿರುವ ನಮ್ಮಲ್ಲಿ ಹಲವರು ತಮಗೆ ತಲೆಯೇ ಇಲ್ಲ ಎಂದುಕೊಳ್ಳುತ್ತಾರೆ. ನಾನೂ ಹಾಗೆ ಅಂದುಕೊಂಡವನೇ.

ಅಮೆರಿಕಕ್ಕೆ ಮರಳಿದ ಕ್ಯಾಟೆಲ್ 1891ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಮಾತ್ರ ಸ್ವಲ್ಪ ಎಡವಿದರು ಎನ್ನಬೇಕು. ಸದ್ದು ಕೇಳಿದ ಕೂಡಲೇ ಕೈ ಎಷ್ಟು ಬೇಗ ಆಡುತ್ತದೆ ಎಂಬಂಥ ಅಳತೆಗಳಿಂದ ವಿದ್ಯಾರ್ಥಿಯ ಬುದ್ಧಿಯನ್ನೇ ತೂಗಬಹುದೆಂದು ನಂಬಿದರು. 1901ರಲ್ಲಿ ಅವರ ಶಿಷ್ಯ ವಿಸ್ಲರ್ ಲೆಕ್ಕ ಹಾಕಿ ನೋಡಿದರೆ, ಆ ಚುರುಕುತನಕ್ಕೂ ಕಾಲೇಜಿನ ಅಂಕಗಳಿಗೂ ಸಂಬಂಧವೇ ಕಾಣಲಿಲ್ಲ.

1917ರಲ್ಲಿ, ಒಲ್ಲದವರನ್ನು ಯುರೋಪಿನ ಯುದ್ಧಕ್ಕೆ ಕಳಿಸಬೇಡಿ ಎಂದು ಸಂಸತ್ ಸದಸ್ಯರಿಗೆ ಪತ್ರ ಬರೆದರು. ವಿಶ್ವವಿದ್ಯಾಲಯ ಅವರನ್ನು ಕೆಲಸದಿಂದ ತೆಗೆಯಿತು. ಆದರೆ 1890ರ ದಶಕದಲ್ಲಿ ಕೈಗೆತ್ತಿಕೊಂಡಿದ್ದ ‘ಸೈನ್ಸ್’ ಪತ್ರಿಕೆಯನ್ನು ಅವರು ಬಿಡಲಿಲ್ಲ. 1944ರಲ್ಲಿ ತೀರಿಕೊಳ್ಳುವವರೆಗೂ ಅದರ ಸಂಪಾದಕರಾಗಿದ್ದರು.